ಕೈದಿಗಳ ಕಾರ್ ರೇಸ್ ಬರೆಯುತ್ತಿರುವ ತಮ್ಮನಿಗೆ

ಕೋಲಾರ

ಪ್ರಿಯ ತಮ್ಮ,

ತುಮಕೂರಿನಿಂದ ನೀನು ಕಳಿಸಿದ ಕರಡು ಓದಿದೆ. ಕೈದಿಗಳು ಕೆಜಿಎಫ್‌ನ ಸೈನೈಡ್ ದಿಬ್ಬಗಳ (ಚಿನ್ನ ತೆಗೆದ ಮೇಲೆ ಉಳಿದ ಗಣಿ ಮಣ್ಣಿನ ಗುಡ್ಡೆಗಳು) ನಡುವೆ ಪ್ರಾಣ ಪಣಕ್ಕಿಟ್ಟು ಕಾರು ಓಡಿಸುವ ಈ ಕಥೆಯಲ್ಲಿ ಕಸುವಿದೆ, ಕೈಬಿಡಬೇಡ. ಆದರೆ ಹನ್ನೊಂದು ಹೆಣ ಬಿದ್ದರೂ ಓದುವವನ ಎದೆ ಒಮ್ಮೆಯೂ ಝಲ್ಲೆನ್ನುವುದಿಲ್ಲ. ಯಾವ ಕಾರು ಎಲ್ಲಿದೆ, ಅದರಲ್ಲಿ ಇನ್ನೇನು ಉಳಿದಿದೆ ಅನ್ನುವುದೇ ತಿಳಿಯದಿದ್ದರೆ ಭಯ ಎಲ್ಲಿಂದ ಬರಬೇಕು ಹೇಳು.

ಮೊದಲು ದಾರಿಯ ನಕ್ಷೆ ಬರೆದುಕೋ. ಗಂಟೆಗೆ 90 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 25 ಮೀಟರ್ ಹೋಗುತ್ತದೆ. ತಿರುವಿನಲ್ಲಿ ನಿನ್ನ ನಾಯಕ ಪಕ್ಕದವನಿಗೆ ಹೇಳುವ ಮಾತನ್ನು ಗಟ್ಟಿಯಾಗಿ ಓದಿ ನೋಡು, ಹನ್ನೆರಡು ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 300 ಮೀಟರ್ ದಾಟಿರುತ್ತದೆ. ಓಟದ ನಡುವೆ ‘ಎಡಕ್ಕೆ’, ‘ಹಿಂದೆ ಬಂದ’, ‘ತಗ್ಗು’ ಇಷ್ಟೇ ಸಾಕು. ಉಳಿದ ಮಾತನ್ನೆಲ್ಲ ಹಿಂದಿನ ರಾತ್ರಿ ಬ್ಯಾರಕ್ಕಿನಲ್ಲಿ ಆಡಿಸು.

ಗುಂಡಿಗೂ ಲೆಕ್ಕ ಇಡು. ನಿಮಿಷಕ್ಕೆ 3000 ಗುಂಡು ಹಾರಿಸುವ ಮಿನಿಗನ್‌ಗೆ (ಹಲವು ನಳಿಗೆಯ ಮಷಿನ್ ಗನ್) ಸಾವಿರ ಗುಂಡು ತುಂಬಿದರೆ 20 ಸೆಕೆಂಡಿಗೆ ಖಾಲಿ. ನಿನ್ನದು ಎರಡು ಪುಟ ನಿಲ್ಲದೆ ಹಾರುತ್ತದೆ. ಕೈದಿಗಳ ಕಾರ್ ರೇಸನ್ನೇ ತೋರಿಸುವ 2008ರ ‘ಡೆತ್ ರೇಸ್’ ಸಿನಿಮಾದಲ್ಲಿ ನೆಲದ ಮೇಲಿನ ಕತ್ತಿ ಗುರುತಿನ ತಟ್ಟೆಯ ಮೇಲೆ ಚಕ್ರ ಹರಿದರೆ ಮಾತ್ರ ಬಂದೂಕು ಕೆಲಸ ಮಾಡುತ್ತದೆ, ಗುರಾಣಿ ಗುರುತಿನ ಮೇಲೆ ಹರಿದರೆ ರಕ್ಷಣೆಯ ಸಾಧನ. ಹಾಗಾಗಿ ನೋಡುವವರ ಕಣ್ಣೂ ನೆಲದ ಮೇಲೇ ಇರುತ್ತದೆ. ಆ ನಿಯಮವನ್ನು ಎತ್ತಿಕೊಳ್ಳಬೇಡ. ನಿನ್ನದೇ ಒಂದು ಕಟ್ಟು, ಓಟ ಶುರುವಾಗುವ ಮುಂಚೆಯೇ ಓದುಗನಿಗೆ ತಿಳಿಸು, ನಾಯಕ ಇಕ್ಕಟ್ಟಿಗೆ ಸಿಕ್ಕಾಗಲೂ ಮುರಿಯಬೇಡ.

ಇನ್ನು ಗುಂಡು ತಡೆಯಲು ನೀನು ಶೀಟು ಹೊಡೆಸಿದ ಆ ಅಂಬಾಸಿಡರ್ ಕಾರು. 6 ಮಿಲಿಮೀಟರ್ ಕಬ್ಬಿಣದ ಶೀಟು ಚದರ ಮೀಟರಿಗೆ 47 ಕಿಲೋ ತೂಗುತ್ತದೆ. ಬಾಗಿಲು, ಬಾನೆಟ್, ಡಿಕ್ಕಿಗೆ ಆರು ಚದರ ಮೀಟರ್ ಹೊಡೆದರೆ 280 ಕಿಲೋ ಏರಿತು. ಹಿಂದಿನ ಸ್ಪ್ರಿಂಗ್ ಪ್ಲೇಟು ಕುಸಿಯುತ್ತದೆ, ಹಳ್ಳಕ್ಕೆ ಬಿದ್ದಾಗ ಟೈರು ಮಡ್‌ಗಾರ್ಡಿಗೆ ಉಜ್ಜುತ್ತದೆ, ಮೇಲಿಂದ ಮೇಲೆ ಒತ್ತಿ ಡ್ರಮ್ ಕಾದರೆ ಬ್ರೇಕು ಹಿಡಿಯುವುದಿಲ್ಲ. ಮುಂದಿನ ಜಾಲರಿಯನ್ನೂ ನೀನು ಶೀಟಿನಿಂದ ಮುಚ್ಚಿದ್ದೀಯ. ರೇಡಿಯೇಟರಿಗೆ ಗಾಳಿಯೇ ಇಲ್ಲ. ಟೆಂಪರೇಚರ್ ಮುಳ್ಳು ಏರುತ್ತದೆ, ನೀರು ಕುದಿದು ಬಾನೆಟ್ ಸಂದಿಯಿಂದ ಹಬೆ ಬರುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ, ಕಡೆಗೆ ಇಂಜಿನ್ ಸೀಜ್ ಆಗಿ ಬಿಗಿದು ನಿಲ್ಲುತ್ತದೆ. ಜಾಲರಿ ತೆರೆದಿಟ್ಟರೆ ಗುಂಡು ನೇರ ರೇಡಿಯೇಟರಿಗೆ. ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಸಂಕಟ ನಿನ್ನ ಮೂರು ಸ್ಫೋಟಗಳಿಗಿಂತ ದೊಡ್ಡದು. ಪೆಟ್ರೋಲ್ ಟ್ಯಾಂಕಿಗೆ ಗುಂಡು ತಗುಲಿದ ಕೂಡಲೇ ಬಾಂಬಿನ ಹಾಗೆ ಸಿಡಿಸುವುದನ್ನೂ ಬಿಡು. ಸಾಮಾನ್ಯವಾಗಿ ಅದು ಸೋರುತ್ತದೆ, ಬೆಂಕಿಗೆ ಕಿಡಿ ಬೇಕು. ವಾಸನೆ ಮೂಗಿಗೆ ಬಡಿದ ಮೇಲೂ ಓಡಿಸುತ್ತಲೇ ಇರಬೇಕಾದವನನ್ನು ಬರೆ.

ದಿಬ್ಬದ ಮಣ್ಣು ಹಿಟ್ಟಿನಷ್ಟು ನಯ. ಮುಂದಿನ ಕಾರು ಎಬ್ಬಿಸಿದ ಧೂಳಿನಲ್ಲಿ ಹಿಂದಿನವನಿಗೆ ಏನೂ ಕಾಣದು. ಗಾಳಿ ಯಾವ ಕಡೆ ಬೀಸುತ್ತದೋ ನೋಡಿಕೊಂಡೇ ಅವನು ಪಕ್ಕಕ್ಕೆ ನುಗ್ಗಬೇಕು. ಏರ್ ಫಿಲ್ಟರ್ ಕಟ್ಟಿಕೊಂಡು ಪಿಕಪ್ ಬೀಳುತ್ತದೆ. ಅದೇ ಧೂಳು ಬೇಸಿಗೆಯಲ್ಲಿ ಸುತ್ತಲ ಮನೆಗಳಿಗೂ ನುಗ್ಗುತ್ತದೆ. 2001ರಲ್ಲಿ ಗಣಿ ಮುಚ್ಚಿತು, ಜನ ಅಲ್ಲೇ ಇದ್ದಾರೆ. ನಿನ್ನ ಕರಡಿನಲ್ಲಿ ಅವರಲ್ಲಿ ಒಬ್ಬರೂ ಇಲ್ಲದ್ದು ನನಗೆ ನೋವಾಯಿತು ಕಣಪ್ಪ.

ಜೈಲಿನ ವಿಷಯ. ‘ಡೆತ್ ರೇಸ್’ ಸಿನಿಮಾದ ಜೈಲು ಲಾಭಕ್ಕಾಗಿ ನಡೆಯುವ ಖಾಸಗಿ ಜೈಲು. ಅಮೆರಿಕದಲ್ಲಿ ಅಂಥವು ಇರುವುದರಿಂದ ಅಲ್ಲಿನವರು ನಂಬುತ್ತಾರೆ. ನಮ್ಮಲ್ಲಿ ಜೈಲು ರಾಜ್ಯ ಸರ್ಕಾರದ ಕೈಯಲ್ಲಿದೆ. ಹಾಗಿದ್ದರೆ ಕೈದಿಗಳನ್ನು ಹೊರಗೆ ಬಿಡುವ ಆದೇಶಕ್ಕೆ ಸಹಿ ಹಾಕಿದವರು ಯಾರು? ವಿಚಾರಣಾಧೀನ ಕೈದಿಯನ್ನಂತೂ ಓಟಕ್ಕೆ ಇಳಿಸಬೇಡ. ಅವನನ್ನು ಕೋರ್ಟಿಗೆ ಹಾಜರುಪಡಿಸಬೇಕು, ಕಾಣೆಯಾದರೆ ವಕೀಲ ಕೇಳುತ್ತಾನೆ. ಶಿಕ್ಷೆಯಾದವನನ್ನೇ ತೆಗೆದುಕೋ, ನೋಡಲು ಮನೆಯವರು ಬರುವುದನ್ನು ಬಿಟ್ಟು ವರ್ಷಗಳಾದವನನ್ನು.

ಹನ್ನೊಂದು ಸಾವನ್ನು ನಾಲ್ಕಕ್ಕೆ ಇಳಿಸು. ನಿಮ್ಮ ತುಮಕೂರಿನ ಅಂತರಸನಹಳ್ಳಿ ಕಡೆ ಯಾವುದಾದರೂ ಗ್ಯಾರೇಜಿನಲ್ಲಿ ಒಂದು ದಿನ ಕೂತು, ಕಾದ ಇಂಜಿನ್ನಿನ ರೇಡಿಯೇಟರ್ ಮುಚ್ಚಳಕ್ಕೆ ಮೆಕ್ಯಾನಿಕ್ ಯಾಕೆ ಕೈ ಹಾಕುವುದಿಲ್ಲ ಕೇಳು. ಮುಂದಿನ ಕರಡಿನ ಜೊತೆ ನಕ್ಷೆಯನ್ನೂ ಕಳಿಸು. ಒಂದೊಂದು ಸುತ್ತು ಮುಗಿದಾಗ ಯಾರ ಬಳಿ ಎಷ್ಟು ಗುಂಡು, ಎಷ್ಟು ಪೆಟ್ರೋಲು ಇದೆ, ಯಾವ ಟೈರು ಹೋಗಿದೆ ಅಂತ ಅಂಚಿನಲ್ಲಿ ಗುರುತು ಹಾಕಿರು.

ಪ್ರೀತಿಯಿಂದ,
ನಿನ್ನ ಅಣ್ಣ