ಡೆಟ್ರಾಯಿಟ್‌ನ ದೋಸ್ತನಿಗೆ, ಕಲಬುರಗಿಯಿಂದ

ದೋಸ್ತಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನಿನಲ್ಲಿ ಯಾರಿಗೂ ಮಾತು ಮುಗಿಸಲು ಬಿಡುವವನಲ್ಲ. ಅದಕ್ಕೇ ಎಲ್ಲರ ಎದುರಿಗೆ ಬರೆಯುತ್ತಿದ್ದೇನೆ. ಮಂದಿ ಮುಂದೆ ನೀನು ಯಾವಾಗಲೂ ಸಭ್ಯಸ್ಥ. ಹಸಿರು ಬಕೆಟ್ ಪ್ರಕರಣ ಒಂದು ಬಿಟ್ಟರೆ.

ಮೊದಲು 2025ರ ಮೇ 2ರ ಬೆಳಗಿನ ಆಟದ ವಿಷಯ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಪ್ಲೇಆಫ್, ಅಂದರೆ ಸೀಸನ್ ಕೊನೆಯ ನಾಕೌಟ್ ಸುತ್ತು. ನಮ್ಮ ಡೆಟ್ರಾಯಿಟ್ ಪಿಸ್ಟನ್ಸ್ ಮತ್ತು ನ್ಯೂಯಾರ್ಕ್ ನಿಕ್ಸ್ ಸರಣಿಯ ಆರನೇ ಆಟ. ನಿಮ್ಮಲ್ಲಿ ಅದಿನ್ನೂ 1ನೇ ತಾರೀಖಿನ ರಾತ್ರಿ. ನೀನು ಲಿಟಲ್ ಸೀಸರ್ಸ್ ಅರೇನಾದ ಮೇಲಿನ ಸಾಲಿನಲ್ಲಿ, ನಾನು ಇಲ್ಲಿ ಕೂಲರ್ ಮುಂದೆ ಚಾಪೆ ಮೇಲೆ. ಎರಡೂ ಕಡೆ 113. ನಿಕ್ಸ್‌ನ ಬ್ರನ್ಸನ್ ಕೈಯಲ್ಲಿ ಚೆಂಡು, ಎದುರಿಗೆ ನಮ್ಮ ಔಸರ್ ಥಾಂಪ್ಸನ್. ಬ್ರನ್ಸನ್ ನುಗ್ಗುವ ಹಾಗೆ ಮಾಡಿ ಗಕ್ಕನೆ ಹಿಂದೆ ಸರಿದ. ಔಸರ್ ಆಯ ತಪ್ಪಿ ಒಂದು ಮಾರು ಆಚೆ ಹೋದ. ಅಷ್ಟು ಜಾಗ ಸಿಕ್ಕರೆ ಬ್ರನ್ಸನ್ ಬಿಡುತ್ತಾನಾ? ಮೂರು ಅಂಕ, ಉಳಿದಿದ್ದು 4.3 ಸೆಕೆಂಡು. ಆಮೇಲೆ ನಮ್ಮ ಬೀಸ್ಲಿ ಕೈಗೆ ಬಂದ ಚೆಂಡು ಸೋಪಿನ ಹಾಗೆ ಜಾರಿ ಗೆರೆ ದಾಟಿತು. 116–113. ನ್ಯೂಯಾರ್ಕ್ ನಿಕ್ಸ್ ಮುಂದಕ್ಕೆ, ಪಿಸ್ಟನ್ಸ್ ಮನೆಗೆ. ಆಗ ನೀನು ಕಳಿಸಿದ ವಾಯ್ಸ್ ಮೆಸೇಜ್ ನಮ್ಮಮ್ಮನೂ ಕೇಳಿಸಿಕೊಂಡರು. ಅಮೆರಿಕಕ್ಕೆ ಹೋದರೂ ಹುಡುಗ ಕಲಬುರಗಿ ಭಾಷೆ ಮರೆತಿಲ್ಲ ಎಂದು ಖುಷಿಪಟ್ಟರು.

ನಾಲ್ಕನೇ ಆಟದ ಬಗ್ಗೆ ನಾನು ಮಾತಾಡಲ್ಲ. ಒಂದೇ ಅಂಕದಲ್ಲಿ ಸೋತೆವು. ಕೊನೆಯಲ್ಲಿ ನಮ್ಮ ಹಾರ್ಡವೇಗೆ ಫೌಲ್ ಆಗಿತ್ತು ಎಂದು ರೆಫರಿಗಳೇ ಆಟ ಮುಗಿದ ಮೇಲೆ ಒಪ್ಪಿಕೊಂಡರು. ಒಪ್ಪಿಕೊಂಡು ಏನು ಮಾಡೋದು, ಉಪ್ಪಿನಕಾಯಿ ಹಾಕೋದಾ?

ಆದರೂ ಎಂಥ ಸೀಸನ್ ಅಲ್ವಾ! ಹಿಂದಿನ ಸಲ, 2023–24ರಲ್ಲಿ, 82 ಆಟದಲ್ಲಿ ಗೆದ್ದಿದ್ದು 14. ಸತತ 28 ಸೋಲು. ಬಾಸ್ಟನ್‌ನಲ್ಲಿ ಅರ್ಧ ಆಟಕ್ಕೆ 19 ಅಂಕ ಮುಂದಿದ್ದು ಓವರ್‌ಟೈಮ್‌ನಲ್ಲಿ ಸೋತ ಆ ಡಿಸೆಂಬರ್ ಬೆಳಗ್ಗೆ, ‘ಟೀಮು ಬದಲಾಯಿಸೋಣ’ ಎಂದು ನೀನೇ ಅಂದಿದ್ದೆ. ನಾನು ಬೇಡ ಎಂದಿದ್ದೆ. ಈ ಸಲ ಹೊಸ ಕೋಚ್ ಬಿಕರ್‌ಸ್ಟಾಫ್, 44 ಗೆಲುವು. 82 ಆಟದ ಪೂರ್ತಿ ಸೀಸನ್‌ಗಳ ಲೆಕ್ಕದಲ್ಲಿ, ಒಂದೇ ವರ್ಷದಲ್ಲಿ ಗೆಲುವನ್ನು ಮೂರು ಪಟ್ಟು ಮಾಡಿದ ತಂಡ ಎನ್‌ಬಿಎ ಇತಿಹಾಸದಲ್ಲೇ ಇರಲಿಲ್ಲ. ಪ್ಲೇಆಫ್‌ನಲ್ಲಿ 2008ರಿಂದ ಒಂದಾಟವೂ ಗೆಲ್ಲದವರು ನ್ಯೂಯಾರ್ಕಿಗೇ ಹೋಗಿ 100–94ರಲ್ಲಿ ಗೆದ್ದರು. ಆವತ್ತು ಕೇಡ್ ಕನಿಂಗ್‌ಹ್ಯಾಮ್ 33 ಅಂಕ. ಆವತ್ತು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಮಿರ್ಚಿ ಭಜಿ ಕೊಡಿಸಿದೆ. ಯಾಕೆ ಎಂದು ಯಾರಿಗೂ ಗೊತ್ತಿಲ್ಲ. ಹೆಣ್ಣು ಗೊತ್ತಾಯಿತು ಅಂದುಕೊಂಡಿದ್ದಾರೆ.

ಈಗ ವಿಷಯಕ್ಕೆ ಬರ್ತೀನಿ. ಮೇ 2ಕ್ಕೇ ಎಸ್ಸೆಸ್ಸೆಲ್ಸಿ ರಿಸಲ್ಟ್ ಕೂಡ ಬಂತು. ದಕ್ಷಿಣ ಕನ್ನಡ 91.12 ಪರ್ಸೆಂಟ್, ಮೊದಲು. ಕಲಬುರಗಿ 42.43, ಕೊನೆಗೆ. ಹೋದ ವರ್ಷ ಯಾದಗಿರಿ ಕೊನೆಗಿತ್ತು, ನಾವು ಅವರನ್ನು ನೋಡಿ ಸಮಾಧಾನ ಮಾಡಿಕೊಂಡಿದ್ದೆವು. ಈ ಸಲ ನಮ್ಮ ಕೆಳಗೆ ಯಾರೂ ಇಲ್ಲ.

ಮಧ್ಯಾಹ್ನ ಉರಿಬಿಸಿಲಲ್ಲಿ ಶಾಲೆಗೆ ಹೋದರೆ ಗೇಟಿನ ಹತ್ತಿರ ಟೆಂತ್ ಬಿ ಹುಡುಗ ನಿಂತಿದ್ದ. ಬಲೆ ಇಲ್ಲದ ರಿಂಗಿಗೆ ದಿನಾ ಸಂಜೆ ಚೆಂಡು ಹಾಕ್ತಾನಲ್ಲ, ಅವನೇ. ಗಣಿತದಲ್ಲಿ ಹೋಗಿದೆ. ನನ್ನ ಸಬ್ಜೆಕ್ಟು. ಏನು ಹೇಳಲಿ ಎಂದು ಹುಡುಕುತ್ತಿದ್ದೆ, ಅವನೇ ಕೇಳಿದ:

‘ಸರ್, ಡೆಟ್ರಾಯಿಟ್ ಏನಾಯ್ತ್ರಿ?’

‘ಸೋತ್ರು.’

‘ಎಷ್ಟರಾಗ್ರಿ?’

‘ಮೂರರಾಗ.’

‘ನಾ ಆರರಾಗ ಹೋಗೀನ್ರಿ’ ಅಂದ.

ಪರೀಕ್ಷೆ–2 ಇದೆಯಲ್ಲ, ಆರು ಮಾರ್ಕು ಏನು ಮಹಾ ಎಂದೆ. ಅವನು ತಲೆ ಆಡಿಸಿದ. ಆದರೆ ನನ್ನ ತಲೆಯಲ್ಲಿ ಡ್ರಾಫ್ಟ್ ಹೊಕ್ಕಿತು, ಅದೇ, ಎನ್‌ಬಿಎ ತಂಡಗಳು ಹೊಸ ಹುಡುಗರನ್ನು ಸರದಿ ಪ್ರಕಾರ ಆರಿಸಿಕೊಳ್ಳೋದು. ಅಲ್ಲಿ ಕೊನೆಗೆ ನಿಂತವರಿಗೆ ಲಾಟರಿಯಲ್ಲಿ ಜಾಸ್ತಿ ಅವಕಾಶ. 2025ರಲ್ಲಿ ಮೊದಲ ಸರದಿಗೆ ಎಲ್ಲರಿಗಿಂತ ಕೆಳಗಿನ ಮೂವರಿಗೆ ತಲಾ 14 ಪರ್ಸೆಂಟ್ ಇತ್ತು. ಹಣೆಬರಹ ನೋಡು, ಪಿಸ್ಟನ್ಸ್ ಸತತ ಎರಡು ವರ್ಷ ಎಲ್ಲರಿಗಿಂತ ಕೆಳಗಿದ್ದೂ ಎರಡು ಸಲವೂ ಅವರಿಗೆ ಬಂದಿದ್ದು ಐದನೇ ಸರದಿ. ಆದರೆ 2021ರಲ್ಲಿ ಮೊದಲ ಸರದಿ ಬಿತ್ತು, ಕೇಡ್ ಸಿಕ್ಕ. ಆ ವರ್ಷದ ಎಲ್ಲರಿಗಿಂತ ಒಳ್ಳೆ ಹುಡುಗ ಎಲ್ಲರಿಗಿಂತ ಬಡ ತಂಡಗಳಲ್ಲಿ ಒಂದಕ್ಕೆ ಹೋದ. ಹೋಗಲೇಬೇಕು, ಅದು ರೂಲು.

ನಮ್ಮಲ್ಲಿ ಉಲ್ಟಾ. ನಮ್ಮ ಬ್ಯಾಚಿನ ನಂಬರ್ ಒನ್ ನೀನು. ಡ್ರಾಫ್ಟ್ ಇದ್ದಿದ್ದರೆ ಕಲಬುರಗಿಯೇ ನಿನ್ನನ್ನು ಎಳೆದುಕೊಂಡು, ನಾಲ್ಕು ವರ್ಷ ಇಲ್ಲೇ ಇರು ಎಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಿತ್ತು. ನೀನು ಹೋಗಿದ್ದಕ್ಕೆ ಸಿಟ್ಟೇನೂ ಇಲ್ಲ. ಸರಿ, ಸ್ವಲ್ಪ ಇದೆ. ರಿಸಲ್ಟ್ ನೋಡಿ ನೀನು ‘ಛೇ, ನಮ್ಮ ಕಡೆ ಯಾವಾಗ ಸುಧಾರಿಸುತ್ತೋ’ ಎಂದು ಸ್ಟೇಟಸ್ ಹಾಕಿದಾಗ ಜಾಸ್ತಿ ಆಯಿತು.

ಆದರೆ ರಾತ್ರಿ ನಿದ್ದೆ ಬರದಂತೆ ಮಾಡಿದ್ದು ನೀನಲ್ಲ. ಮೊನ್ನೆ ಜನವರಿಯಲ್ಲಿ ನನಗೊಂದು ಸನ್ಮಾನ ಆಯಿತಲ್ಲ, ಫೋಟೋ ಕಳಿಸಿದ್ದೆ. ‘ಊರು ಬಿಡದೆ ಊರಿನ ಮಕ್ಕಳಿಗೆ ಕಲಿಸುತ್ತಿರುವ ಮೇಷ್ಟ್ರು’ ಎಂದು ಶಾಲು ಹೊದಿಸಿದರು. ನಾನು ಶಾಲು ಸರಿ ಮಾಡಿಕೊಂಡು ಕೈಮುಗಿದೆ. ಊರು ಬಿಡಲಿಲ್ಲ ಎನ್ನೋದು, ಯಾರೋ ಕರೆದಾಗ ಒಲ್ಲೆ ಎಂದವನಿಗೆ ಸಲ್ಲಬೇಕಾದ ಮಾತು. ನನ್ನನ್ನು ಕರೆದವರು ಯಾರು? ಬೆಂಗಳೂರಿಂದ ಒಂದು ಕರೆ ಬಂದಿದ್ದರೆ ಅವತ್ತೇ ರಾತ್ರಿ ಬಸ್ಸು ಹತ್ತುತ್ತಿದ್ದೆ. ನೀನು ಕೇಡ್ ಆದರೆ ನಾನು ಕಿಲಿಯನ್ ಹೇಯ್ಸ್. 2020ರ ಡ್ರಾಫ್ಟ್‌ನಲ್ಲಿ ಪಿಸ್ಟನ್ಸ್‌ನವರು ಏಳನೆಯವನಾಗಿ ಆರಿಸಿಕೊಂಡು, ಆ 28 ಸೋಲಿನ ಸೀಸನ್ ನಡುವೆಯೇ ಕೈಬಿಟ್ಟರಲ್ಲ, ಅವನು.

ಇನ್ನೊಂದಿದೆ. 42.43 ನೋಡಿದಾಗ ನನಗೆ ಮೊದಲು ಆಗಿದ್ದು ಬೇಜಾರಲ್ಲ. ಒಂಥರಾ ನಿರಾಳ. ಕೊನೆಗಿರುವ ಜಿಲ್ಲೆಯಲ್ಲಿ ನನ್ನಂಥ ಮೇಷ್ಟ್ರೂ ದೊಡ್ಡವನೇ. ಜಿಲ್ಲೆ ಮೇಲೆ ಬಂದರೆ ನನಗಿಂತ ಚೆನ್ನಾಗಿ ಕಲಿಸುವವರು ಬರುತ್ತಾರೆ. ಆಗ ಶಾಲು ಯಾರಿಗೆ ಹೊದಿಸುತ್ತಾರೆ? ಗೇಟಿನಲ್ಲಿ ಆ ಹುಡುಗ ಆರು ಮಾರ್ಕು ಅಂದಾಗಲೂ ಈ ನಿರಾಳ ಒಳಗೆ ಎಲ್ಲೋ ಕೂತೇ ಇತ್ತು. ಅದಕ್ಕೇ ಅವನ ಮುಖ ಸರಿಯಾಗಿ ನೋಡಲಿಲ್ಲ.

ಇಷ್ಟೆಲ್ಲ ಬರೆಯಬೇಕು ಎಂದು ಕೂತಿದ್ದಲ್ಲ. ಕರೆಂಟ್ ಹೋಗಿದೆ, ಕೂಲರ್ ನಿಂತಿದೆ, ಬಿಸಿಲಿಗೆ ಬುದ್ಧಿ ಕರಗಿದೆ ಅಂದುಕೊ. ಹೆಡ್‌ಮಾಸ್ಟರ್ ಸಾಹೇಬರೇ, ತಾವು ಓದುತ್ತಿದ್ದರೆ ಹೇಯ್ಸ್ ಎನ್ನುವವನು ಬಹಳ ಒಳ್ಳೆ ಆಟಗಾರ.

ಅಂದಹಾಗೆ, ಆ ಹುಡುಗ ದಿನಾ ಬೆಳಗ್ಗೆ ಏಳಕ್ಕೆ ಮನೆಗೆ ಬರ್ತಾನೆ. ಬೀಜಗಣಿತ ಮಾಡಿಸುತ್ತೇನೆ. ಕೇಡ್ ಕತೆ ಅವನಿಗೆ ಪೂರ್ತಿ ಹೇಳಿದ್ದೇನೆ: ಅಷ್ಟು ಸೋತ ಮೇಲೂ ತಂಡ ಬಿಡಲಿಲ್ಲ, ಹೋದ ವರ್ಷ ಇನ್ನೂ ಐದು ವರ್ಷಕ್ಕೆ ಸಹಿ ಹಾಕಿದ ಎಂದು. ಆ ಐದು ವರ್ಷಕ್ಕೆ 22 ಕೋಟಿ 40 ಲಕ್ಷ ಡಾಲರ್ ಎನ್ನೋದನ್ನು ಮಾತ್ರ ಹೇಳಿರಲಿಲ್ಲ. ಅವನೇ ಎಲ್ಲೋ ನೋಡಿಕೊಂಡು ಬಂದು, ‘ಸರ್, ಅಷ್ಟು ಕೊಟ್ರ ಯಾರಾದ್ರೂ ಮೇ ತಿಂಗಳು ಇಲ್ಲೇ ಇರ್ತಾರ್ರಿ’ ಅಂದ. ನಾನು ಪುಕ್ಕಟೆ ಇದ್ದೀನಪ್ಪಾ ಎಂದೆ.

ದೀಪಾವಳಿಗೆ ಬರುವಾಗ ಕೇಡ್‌ನ 2 ನಂಬರ್ ಜರ್ಸಿ ಎರಡು ತಾ. ಒಂದು ಆ ಹುಡುಗನಿಗೆ, ಮೀಡಿಯಂ. ನನ್ನದು ಎಕ್ಸ್‌ಎಲ್. ಏನೂ ಕೇಳಬೇಡ, ತಹರಿ ತಿಂದು ಬೆಳೆಸಿದ್ದು. ಹಸಿರು ಬಕೆಟ್ ಇನ್ನೂ ನಮ್ಮ ಮನೆಯಲ್ಲೇ ಇದೆ, ನಿನ್ನದು ಎಂದು ಬಂದವರಿಗೆಲ್ಲ ತೋರಿಸುತ್ತಿದ್ದೇನೆ.

ಇಂತಿ,
ಮಾರ್ಕ್ಸ್ ಮೇಷ್ಟ್ರು