ಮಗಳಿಗೊಂದು ಪತ್ರ: ಅಡ್ವಾನ್ಸ್ ಕೊಡುವ ಮೊದಲು ಗೋಡೆ ಮುಟ್ಟಿ ನೋಡು

ಮಗಳೇ,

ನೀವು ಕೊಳ್ಳಬೇಕು ಅಂತಿರುವ ಮಂಗಳೂರಿನ ಫ್ಲ್ಯಾಟಿನ ಫೋಟೋ ಎಲ್ಲ ನೋಡಿದೆ. ಹಾಲ್ ಚೆನ್ನಾಗಿದೆ, ಬೆಳಕೂ ಇದೆ. ಆದರೆ ಮಲಗುವ ಕೋಣೆಯ ಒಂದೇ ಗೋಡೆಗೆ ಹೊಸ ಬಣ್ಣ ಹೊಡೆದಿದ್ದಾರೆ, ಉಳಿದ ಮೂರೂ ಹಳೇದು. ಅದನ್ನು ನೋಡಿದಾಗಿನಿಂದ ನನಗೆ ಸಮಾಧಾನವಿಲ್ಲ. ಆ ಗೋಡೆಯ ಆಚೆ ಏನಿದೆ, ಬಚ್ಚಲಾ? ಮೊದಲು ಅದನ್ನು ಕೇಳು.

ಸಾಗರದ ಮನೆ ತೆಗೆದುಕೊಂಡಾಗ ನಿನಗೆ ನಾಲ್ಕು ವರ್ಷ. ನಾವು ನೋಡಿದ್ದು ಫೆಬ್ರವರಿಯಲ್ಲಿ, ಗೋಡೆಯೆಲ್ಲ ಬೆಳ್ಳಗೆ ಒಣಗಿತ್ತು. ಜುಲೈನಲ್ಲಿ ಒಂದು ದಿನ ಬೀರು ತೆಗೆದರೆ ನನ್ನ ಧಾರೆ ಸೀರೆಯ ಅಂಚಿನ ಮೇಲೆ ಹಸಿರು ಬೂಷ್ಟು, ಹತ್ತಿಯ ಹಾಗೆ ಮೆತ್ತಗೆ. ಬೀರು ಸರಿಸಿದರೆ ಹಿಂದಿನ ಗೋಡೆ ಪೂರ್ತಿ ಕಪ್ಪು ಚುಕ್ಕೆ. ಸೀರೆ ಹೋದರೆ ಹೋಗಲಿ, ನಿನ್ನ ಕೆಮ್ಮು ನಿಲ್ಲಲೇ ಇಲ್ಲ. ರಾತ್ರಿಯೆಲ್ಲ ಎದೆಯಲ್ಲಿ ಗೊರಗೊರ, ನಾನೂ ನಿಮ್ಮಪ್ಪನೂ ಸರದಿಯಂತೆ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಕೂರುತ್ತಿದ್ದೆವು. ಆ ಕೋಣೆಯಲ್ಲಿ ಮಗುವನ್ನು ಮಲಗಿಸಲೇಬೇಡಿ ಅಂದರು ಡಾಕ್ಟರು. ಮೊದಲಿದ್ದವರು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈಗ ನಿನ್ನ ಮಗುವಿಗೂ ಧೂಳು ಆಗಿಬರುವುದಿಲ್ಲ, ಅಲ್ವಾ?

ಹೋದ ತಕ್ಷಣ ಕಿಟಕಿ ತೆಗೆಯಲು ಬಿಡಬೇಡ. ಬಾಗಿಲು ತೆರೆದ ಕೂಡಲೇ ಮೂಗಿಗೆ ಬರುವ ವಾಸನೆಯೇ ನಿಜವಾದದ್ದು, ಎರಡು ನಿಮಿಷ ಕಳೆದರೆ ನಮ್ಮ ಮೂಗಿಗೆ ಅದು ಗೊತ್ತಾಗುವುದಿಲ್ಲ. ಊದುಬತ್ತಿಯೋ ರೂಮ್ ಫ್ರೆಶ್ನರೋ ಘಮ್ಮೆನ್ನುತ್ತಿದ್ದರೆ ಇನ್ನೊಂದು ದಿನ ಹೇಳದೆ ಹೋಗು. ಸಿಂಕಿನ ಕೆಳಗಿನ ಕಪಾಟು, ವಾರ್ಡ್‌ರೋಬಿನ ಹಿಂಬದಿ, ಎಸಿ ಕೆಳಗಿನ ಗೋಡೆ, ಇವಕ್ಕೆ ತಲೆ ಹಾಕಿ ಮೂಸಿ ನೋಡು. ನಾಚಿಕೆ ಬೇಡ, ಕೊಡುವುದು ನಮ್ಮ ದುಡ್ಡು.

ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡವಾಗಿ ಬೆಳಕು ಬಿಡು. ಎದುರಿನಿಂದ ಕಾಣದ ಉಬ್ಬು, ಬಣ್ಣದ ಗುಳ್ಳೆ ಎಲ್ಲ ಆಗ ನೆರಳು ಬಿದ್ದು ಎದ್ದು ಕಾಣುತ್ತವೆ. ಬಿಳಿ ಪುಡಿ ಕಂಡರೆ ಅದರ ಮೇಲೆ ನೀರು ಚಿಮುಕಿಸು. ಕರಗಿದರೆ ಗೋಡೆಯ ಉಪ್ಪು, ಕರಗದಿದ್ದರೆ ಬೂಷ್ಟು ಇರಬಹುದು. ಉಪ್ಪು ಅಂದಮಾತ್ರಕ್ಕೆ ನಿರಾಳ ಆಗಬೇಡ, ಒಳಗೆ ನೀರು ಓಡಾಡಿದ್ದರಿಂದಲೇ ಉಪ್ಪು ಹೊರಗೆ ಬಂದಿರುವುದು. ಪಶ್ಚಿಮದ ಗೋಡೆಯನ್ನು ಜಾಸ್ತಿ ನೋಡು, ಅಲ್ಲಿ ಮುಂಗಾರು ಬಡಿಯುವುದು ಕಡಲಿನ ಕಡೆಯಿಂದ. ಮೇಲಿನ ಮನೆಯ ಬಚ್ಚಲು ನಿಮ್ಮ ಮನೆಯ ಯಾವ ಜಾಗದ ಮೇಲೆ ಬರುತ್ತದೆ ಅಂತ ಲೆಕ್ಕ ಹಾಕಿ ಆ ಸೀಲಿಂಗನ್ನೂ ನೋಡು. ಕೆಳಗಿನ ಮನೆಯವರನ್ನು ಸುಮ್ನೆ ಮಾತಾಡಿಸು, ಗೋಡೆಯಲ್ಲೋ ಸೀಲಿಂಗಿನಲ್ಲೋ ನೀರು ಜಿನುಗುತ್ತಿದ್ದರೆ ಅವರು ಮುಚ್ಚಿಡುವುದಿಲ್ಲ.

ಮಾಲೀಕರು "ಬರೀ ಮೇಲ್ಮೈ, ಒಂದು ಕೋಟ್ ಬಣ್ಣ ಹೊಡೆದರೆ ಹೋಗುತ್ತದೆ" ಅನ್ನುತ್ತಾರೆ. ನಾವು ಮೂರು ಸಲ ಹೊಡೆಸಿದೆವು. ನೀರು ಬರುವ ದಾರಿ ಮುಚ್ಚದೆ ಬಣ್ಣ ಹೊಡೆದರೆ ಅದು ಮುಂದಿನ ಮಳೆಗಾಲದವರೆಗೆ ಮಾತ್ರ. ಪೈಪ್ ಸೋರುತ್ತಿದೆಯೋ, ತಾರಸಿ ಬಿರುಕೋ, ಬಚ್ಚಲಿನ ನೆಲವೋ ಅಂತ ಒಬ್ಬ ಒಳ್ಳೆ ಪ್ಲಂಬರ್ ಹತ್ತಿರ ನೋಡಿಸಿ, ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಲು ಕೇಳು.

ಬೇರೆ ಪಾರ್ಟಿ ಕಾಯುತ್ತಿದೆ ಅಂತ ಬ್ರೋಕರ್ ಅವಸರ ಮಾಡುತ್ತಿದ್ದಾನೆ ಅಂದೆಯಲ್ಲ, ಮಾಡಲಿ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಜಾಸ್ತಿ ಮಳೆ ಬೀಳುತ್ತದೆ, ಆ ಗೋಡೆಯನ್ನು ಬರೀ ಏಪ್ರಿಲ್‌ನಲ್ಲಿ ನೋಡಿ ನಂಬುವುದು ಹೇಗೆ? ಜೂನ್‌ನಲ್ಲಿ ನಾನು ಬರುತ್ತೇನೆ. ನಾಲ್ಕು ದಿನ ಜೋರು ಮಳೆ ಹೊಡೆದ ಮೇಲೆ ಇಬ್ಬರೂ ಹೋಗಿ ಆ ಹೊಸ ಬಣ್ಣದ ಗೋಡೆಗೆ ಕೈ ಇಟ್ಟು ನೋಡೋಣ. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡ.

ಅಮ್ಮ