ತಾಂಡಾ ಮಕ್ಕಳ ಫಲಿತಾಂಶ ಒಂದನೇ ತರಗತಿಯಲ್ಲೇ ನಿರ್ಧಾರ

ಮಾನ್ಯ ಸಂಪಾದಕರೇ,

2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94 ಪಡೆದು ಮೊದಲಾದರೆ, ಯಾದಗಿರಿ ಶೇ 50.59ರೊಂದಿಗೆ ಕೊನೆಗುಳಿಯಿತು. ಆಮೇಲೆ ಹತ್ತನೇ ತರಗತಿಗೆ ವಿಶೇಷ ತರಗತಿ, ಸರಣಿ ಪರೀಕ್ಷೆ ಎಂದು ಓಡಾಡುವುದು ಬೇರು ಒಣಗಿದ ಮೇಲೆ ಎಲೆಗೆ ನೀರು ಚಿಮುಕಿಸಿದಂತೆ.

ಇಲ್ಲಿನ ಒಂದೇ ಕೊಠಡಿಯಲ್ಲಿ ಕನ್ನಡ, ಲಂಬಾಣಿ, ಉರ್ದು, ಗುರುಮಠಕಲ್ ಕಡೆ ತೆಲುಗು ಮನೆಮಾತಿನ ಮಕ್ಕಳು ಕೂಡುತ್ತಾರೆ. ಮನೆಯಲ್ಲಿ 'ಪಾಣಿ', 'ಬಾಟಿ' ಎನ್ನುವ ಮಗುವಿಗೆ ನೀರು, ರೊಟ್ಟಿ ಎಂಬ ಮಾತು ಕಿವಿಗೆ ಬೀಳುವ ಮೊದಲೇ ಅಕ್ಷರ ತಿದ್ದಿಸುತ್ತೇವೆ. ಮಗು ಬೋರ್ಡ್ ನೋಡಿ ಅಂದವಾಗಿ ನಕಲು ಮಾಡುತ್ತದೆ. ಓದು ಬಂತೆಂದು ನಾವು ಮೋಸಹೋಗುತ್ತೇವೆ. ಪಾಠದಲ್ಲಿಲ್ಲದ ನಾಲ್ಕು ಸಾಲು ಕೊಟ್ಟು ಓದಿಸಿ, ಅರ್ಥ ಕೇಳಿದರೆ ನಿಜ ಗೊತ್ತಾಗುತ್ತದೆ. ಮೊದಲ ಎರಡು ತಿಂಗಳು ಬರೀ ಮಾತು, ಹಾಡು, ಚಿತ್ರ ಇರಲಿ. ಎರಡೂ ಭಾಷೆ ಬಲ್ಲ ಮಗುವನ್ನು ಪಕ್ಕದಲ್ಲಿ ಕೂರಿಸಿ. ತಾಂಡಾದ ಅಂಗನವಾಡಿಗೆ ಲಂಬಾಣಿ ಬಲ್ಲ ಕಾರ್ಯಕರ್ತೆಯೇ ಬೇಕು.

ಇನ್ನೊಂದು ಕಾರಣ ಗುಳೆ. ಸುಗ್ಗಿ ಮುಗಿದು ಪಾಲಕರು ಬೆಂಗಳೂರು, ಪುಣೆಗೆ ಹೊರಟರೆ ಮಗುವಿನ ಕಲಿಕೆ ಅಲ್ಲಿಗೇ ನಿಲ್ಲುತ್ತದೆ, ಹಾಜರಿ ಪುಸ್ತಕದಲ್ಲಿ ಹೆಸರು ಮಾತ್ರ ಉಳಿಯುತ್ತದೆ. ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ, ಅನುದಾನಿತ ಶಾಲೆಯೂ ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಪಾಲಕರಿಗೆ ಇದನ್ನು ತಿಳಿಸುವವರಿಲ್ಲ. ಪಾಲಕರು ಊರಲ್ಲಿಲ್ಲದಾಗ ಮಕ್ಕಳು ಇಲ್ಲೇ ಉಳಿದು ಓದುವ ಋತುಮಾನದ ವಸತಿ ಕೇಂದ್ರಗಳು ಗುಳೆ ಹೊರಡುವ ಮುನ್ನವೇ ತೆರೆದಿರಬೇಕು. ಬಸ್ಸು ಹೋದ ಮೇಲೆ ತೆರೆದರೆ ಯಾರಿಗೆ?

– ಗ್ರಾಮೀಣ ಶಾಲೆಗಳ ಶಿಕ್ಷಕರು, ಯಾದಗಿರಿ ಜಿಲ್ಲೆ